ಚಹಾದಂಗಡಿಯಲ್ಲಿ ದಾಂತೆ

ಕೌಜಲಗಿಯ ಚಹಾದಂಗಡಿಯಲ್ಲಿ ಈಗ ದಿನಾ ಮುಂಜಾನೆ ಮೊಬೈಲ್ ರಸಪ್ರಶ್ನೆ. ‘1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಕವಿ ಯಾರು?’ ಕಾಲೇಜು ಹುಡುಗ ‘ದಾಂತೆ’ ಒತ್ತಿ ಅಂಕ ಗಿಟ್ಟಿಸಿದ.

‘ಏನ ಬರದಾನಪಾ ಅಂವಾ?’

‘ನರಕ, ಕಾಕಾ. ಒಂಬತ್ತು ಸುತ್ತಿನದು. ಆಗದವರನ್ನ ಹೆಸರು ಹಿಡಿದು ಅದರಾಗ ಕೂಡಿಸ್ಯಾನ.’

ಕಾಕಾ ಬಸಿಯ ಚಹಾ ಸುರ್ರೆಂದು ಹೀರಿದರು. ‘ಇಲೆಕ್ಷನ್‌ಗೆ ನಿಂತಿದ್ದನೇನು?’

ಹುಡುಗ ನಕ್ಕ. ಆದರೆ ಕಾಕಾನ ಗುರಿ ತಪ್ಪಿರಲಿಲ್ಲ. 1300ರಲ್ಲಿ ದಾಂತೆ ಆ ಊರಾಳುವ ಆರು ಮಂದಿಯಲ್ಲೊಬ್ಬ. ಅಧಿಕಾರ ಬರೇ ಎರಡು ತಿಂಗಳು. ಆಮೇಲೆ ಎದುರು ಪಾರ್ಟಿ ಬಂತು, ಲಂಚದ ಆರೋಪ ಬಿತ್ತು, ಊರು ಬಿಟ್ಟವನು 1321ರಲ್ಲಿ ರವೆನ್ನಾದಲ್ಲೇ ತೀರಿದ. ನಮ್ಮ ಕಡೆ ಇಷ್ಟಕ್ಕೆಲ್ಲ ಯಾರೂ ಮಹಾಕಾವ್ಯ ಬರೆಯುವುದಿಲ್ಲ, ಪಾರ್ಟಿ ಬದಲಿಸುತ್ತಾರೆ.

‘ಅದಿರಲಿ, ಶ್ರೀಕೃಷ್ಣ ಪಾರಿಜಾತದ ಆಟದ ಕುಲಗೋಡ ತಮ್ಮಣ್ಣ, ನಮ್ಮ ಕೌಜಲಗಿ ನಿಂಗಮ್ಮ, ಇವರ ಮ್ಯಾಲ ಪ್ರಶ್ನೆ ಯಾವಾಗ?’

‘ಕೇಳಂಗಿಲ್ಲ ಕಾಕಾ.’

‘ಯಾಕ ಕೇಳ್ತಾರ? ಎಲ್ಲಾ ಅಂಕ ನಾನ ಹೊಡಕೊಂಡ ಹೋದೇನು!’