ಅಥ ಡಿಟಾಕ್ಸ್ ಮೀಮಾಂಸೆ

ಸೂತ್ರ: ಒಳಗೆ ವಿಷವುಂಟು, ಹೊರಗೆ ಸೊಪ್ಪುಂಟು, ನಡುವೆ ಮಿಕ್ಸಿಯುಂಟು.

ಭಾಷ್ಯ: ಇಲ್ಲಿ ವಿಷ ಎಂದರೆ ಯಾವುದೆಂದು ಶಿಷ್ಯರು ಕೇಳಕೂಡದು. ಹೆಸರು ಹೇಳಿದರೆ ಲ್ಯಾಬಿನವರು ಅಳೆದಾರು, ಅಳೆದರೆ ಶಾಸ್ತ್ರ ಕೆಟ್ಟೀತು. ಆದ್ದರಿಂದ ಅದು ಅನಿರ್ವಚನೀಯ.

ಕ್ಷೇತ್ರನಿರ್ಣಯ: ಈ ಜಿಜ್ಞಾಸೆಗೆ ನಂಜನಗೂಡು, ತಿರುಮಕೂಡಲು ನರಸೀಪುರಗಳಿಗಿಂತ ಪ್ರಶಸ್ತವಾದ ಸ್ಥಳವಿಲ್ಲ. ಮೊದಲನೆಯ ಊರಿನ ದೇವರು ಹಾಲಾಹಲವನ್ನೇ ಕುಡಿದು, ಯಾವ ಜ್ಯೂಸಿನ ಹಂಗೂ ಇಲ್ಲದೆ ಗಂಟಲಲ್ಲಿಟ್ಟುಕೊಂಡು ಕೂತವನು. ಟಿಪ್ಪುವಿನ ಪಟ್ಟದಾನೆಯ ಕಣ್ಣು ವಾಸಿ ಮಾಡಿ ‘ಹಕೀಂ ನಂಜುಂಡ’ ಎನ್ನಿಸಿಕೊಂಡನೆಂಬ ಪ್ರತೀತಿ ಬೇರೆ. ಎರಡನೆಯ ಊರಿನ ಗುಂಜಾ ನರಸಿಂಹ ಹಿಡಿದಿರುವುದು ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚಂತೆ. ಆ ಬೀಜದೊಳಗಿನ ಅಬ್ರಿನ್ ಮಾತ್ರ ಕಡುವಿಷ. ಇಬ್ಬರೂ ವಿಷದ ಜೊತೆ ಬಾಳ್ವೆ ಮಾಡಿದವರು, ಡಯಟ್ ಮಾಡಿದವರಲ್ಲ.

ಶಂಕೆ: ನಂಜನಗೂಡಿನವರು ವಾರವಿಡೀ ಸೊಪ್ಪಿನ ರಸ ಕುಡಿದು ಕಳೆದುಕೊಂಡ ವಿಷ ಕಪಿಲೆಯ ಪಾಲಾದರೆ, ಅದು ತಿರುಮಕೂಡಲಿಗೆ ಹೋಗಿ ಕಾವೇರಿ ಸೇರುವುದಲ್ಲವೇ? ಅಲ್ಲಿ 1989ರಲ್ಲಿ ಶುರುವಾದ ಕುಂಭಮೇಳಕ್ಕೆ ಪಾಪ ತೊಳೆಯಲು ಬಂದವರಿಗೆ ನಂಜು ಮೆತ್ತಿಕೊಂಡರೆ ಹೊಣೆ ಯಾರು?

ಸಮಾಧಾನ: ನರಸೀಪುರದವರು ಹೆದರಬೇಕಿಲ್ಲ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಒಂದೂವರೆ ಕಿಲೋ ತೂಗುವ ಯಕೃತ್ತಿಗೆ ಭಾನುವಾರದ ರಜೆಯೂ ಇಲ್ಲ. ಡಿಟಾಕ್ಸ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಹಿಂದಿನ ದಿನವೂ ಅವು ಇದೇ ಕೆಲಸ ಮಾಡುತ್ತಿದ್ದವು.

ಪೂರ್ವಪಕ್ಷ: ಹಾಗಾದರೆ ಮೈ ಹಗುರಾದದ್ದು ಸುಳ್ಳೇ?

ಸುಳ್ಳಲ್ಲ. ಬೇಕರಿ ಪಫ್ಸು, ಬೋಂಡ, ಹೊತ್ತುಹೊತ್ತಿಗೆ ಸಕ್ಕರೆ ಕಾಫಿ ಬಿಟ್ಟು ಮುದ್ದೆ, ಸೊಪ್ಪು, ಹುರುಳಿಕಾಳು ತಿಂದವನ ಹೊಟ್ಟೆ ಸಲೀಸಾಗಲೇಬೇಕು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 11 ಗ್ರಾಂ ನಾರಿದೆ. ಮೊದಲ ವಾರ ಇಳಿದ ತೂಕ ಬಹುಪಾಲು ನೀರು. ಹಳೆಯ ಊಟಕ್ಕೆ ಮರಳಿದರೆ ಅದೂ ಮರಳುತ್ತದೆ. (ಡಿಟಾಕ್ಸ್ ಪಟ್ಟಿಯಲ್ಲಿ ಬ್ಲೂಬೆರಿ ಇರುತ್ತದೆ, ಪನಾಮ ರೋಗಕ್ಕೆ ಸಿಕ್ಕಿ ಅಪರೂಪವಾದ ನಂಜನಗೂಡು ರಸಬಾಳೆ ಇರುವುದಿಲ್ಲ. ಈ ಬಗ್ಗೆ ಶಾಸ್ತ್ರಕಾರರು ಮೌನ.)

ಬಸ್ಸಾರು ಅಧಿಕರಣ: ಡಿಟಾಕ್ಸಿನವರು ಸೊಪ್ಪು ರುಬ್ಬಿ, ಸೋಸಿ, ಹಸಿರು ನೀರು ಕುಡಿದು ಚರಟ ಎಸೆಯುತ್ತಾರೆ. ನಾರು ಇದ್ದದ್ದೇ ಅದರಲ್ಲಿ. ನಮ್ಮ ಕಡೆಯವರೂ ಸೋಸುತ್ತಾರೆ: ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದು, ಆ ಕಟ್ಟಿಗೆ ಬೆಳ್ಳುಳ್ಳಿ, ಈರುಳ್ಳಿ, ಮೆಣಸು, ಕಾಯಿ ರುಬ್ಬಿ ಹಾಕಿ ಕುದಿಸಿದರೆ ಸಾರು, ಬಸಿದುಳಿದ ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಪಲ್ಯ. ಎಸೆಯುವ ಮಾತೇ ಇಲ್ಲ. ಹೀಗೆ ‘ಹೋಲ್ ಫುಡ್’ ಎಂಬ ಬಿರುದು ಜ್ಯೂಸಿಗೆ ಸಲ್ಲದು, ಬಸ್ಸಾರಿಗೆ ಸಲ್ಲುತ್ತದೆ ಎಂಬುದು ಸಿದ್ಧಾಂತ. ಉಪ್ಪು ಮಾತ್ರ ಹಿಡಿತದಲ್ಲಿರಲಿ. ದಿನಕ್ಕೆ 5 ಗ್ರಾಮಿನೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ದೋಷವಿಚಾರದಲ್ಲಿ ತಮಾಷೆ ನಿಲ್ಲುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ರಸದಲ್ಲಿ ದಿನ ದೂಡಿದರೆ ಸಕ್ಕರೆ ದಿಢೀರನೆ ಕುಸಿದು ಕಣ್ಣು ಕತ್ತಲೆ ಬರಬಹುದು. ಕಿಡ್ನಿ ತೊಂದರೆಯವರಿಗೆ ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಬಸುರಿಯರು, ಬಾಣಂತಿಯರು ಡಿಟಾಕ್ಸಿನ ಹತ್ತಿರವೂ ಸುಳಿಯಬಾರದು. ಇಂಥವರು ಪಟ್ಟಿಗಿಂತ ಮುಂಚೆ ಡಾಕ್ಟರನ್ನು ಕಾಣಬೇಕು.

ಉಳಿದವರಲ್ಲಿ ಈಗಾಗಲೇ ಮಿಕ್ಸಿ ತಿರುಗಿಸಿಬಿಟ್ಟವರು ಚರಟವನ್ನು ತಿಪ್ಪೆಗೆ ಹಾಕದೆ ಒಂದು ಒಗ್ಗರಣೆ ಕೊಡಬೇಕಾಗಿ ವಿನಂತಿ.