ರೀಮ್ಯಾಪ್ ರಾಜ

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಯಲ್ಲಿ ಬಿರಿಯಾನಿ ಕ್ಯೂ, ಆರಕ್ಕೆ ನಂದಿಬೆಟ್ಟದ ಗೇಟು, ಹತ್ತಕ್ಕೆ ನೆಲಮಂಗಲದ ಗ್ಯಾರೇಜು. ರೀಮ್ಯಾಪ್ ರಾಜನ ರಜೆ ಕಳೆಯುವುದು ಹೀಗೆ. ಮೊದಲೆರಡು ಖುಷಿಗೆ, ಮೂರನೆಯದು ವಿಧಿಯಿಲ್ಲದೆ.

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಊರಿಗೊಬ್ಬ ಇಂಥ ರಾಜ ಸಿಕ್ಕೇ ಸಿಗುತ್ತಾನೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗಿ ಸುತ್ತಲಿನ ಜಮೀನಿಗೆ ರೇಟು ಬಂತು. ಅಪ್ಪ ಮಾರಿದ ಒಂದೆಕರೆಯ ದುಡ್ಡಿನಲ್ಲಿ ಆರ್‌ಸಿಸಿ ಮನೆ ಎದ್ದಿತು, ಅಕ್ಕನ ಮದುವೆಯಾಯಿತು, ಉಳಿದ ಪುಡಿಗಾಸಿಗೆ ಮೂರನೇ ಕೈ ದಾಟಿದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂತು. 1.8 ಲೀಟರ್ ಟರ್ಬೊ, 150 ಕುದುರೆಶಕ್ತಿ. ಮಾರಿದವನು ‘ಗಾಡಿ ಪೂರ್ತಿ ಸ್ಟಾಕು, ಒಂದು ನಟ್ಟೂ ಮುಟ್ಟಿಲ್ಲ’ ಎಂದಿದ್ದ. ರಾಜನಿಗೆ ಅದು ಹೊಗಳಿಕೆ ಅನಿಸಲಿಲ್ಲ, ಸವಾಲು ಅನಿಸಿತು.

ಮೊದಲು ಬಂದದ್ದು ಎಣ್ಣೆ ಹಚ್ಚಿದ ಕೆಂಪು ಕೋನ್ ಫಿಲ್ಟರ್. ಕಂಪನಿಯವರು ಕೊಟ್ಟ ಕರಿ ಡಬ್ಬಿ ಅಟ್ಟಕ್ಕೆ ಹೋಯಿತು. ಎಂಜಿನ್ ‘ಸೊಂಯ್’ ಎಂದಿತು, ರಾಜ ಪಾವನನಾದ. ಆದರೆ ಫಿಲ್ಟರಿನ ಹಿಂದೆಯೇ ಗಾಳಿ ಅಳೆಯುವ ಮಾಫ್ ಸೆನ್ಸರ್ ಕೂತಿರುತ್ತದೆ. ಅದರೊಳಗಿನ ಬಿಸಿ ಪದರವನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದೇ ಅದರ ಲೆಕ್ಕ. ಫಿಲ್ಟರಿಗೆ ಎಣ್ಣೆ ಧಾರಾಳವಾಗಿ ಸುರಿದಿದ್ದರಿಂದ ಜಿಡ್ಡು ಹೋಗಿ ಆ ಪದರದ ಮೇಲೆ ಕೂತಿತು, ಸೆನ್ಸರ್ ಇರುವ ಗಾಳಿಗಿಂತ ಕಡಿಮೆ ತೋರಿಸತೊಡಗಿತು. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೀಳಬೇಕಾದ ಕಡೆ ಪೆಟ್ರೋಲ್ ಸಾಲದಾಯಿತು. ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ತನ್ನ ಕೈಲಾದಷ್ಟು ಪೆಟ್ರೋಲ್ ಹೆಚ್ಚಿಸಿ, ಕೊನೆಗೆ ಸೋತು ದೀಪ ಹತ್ತಿಸಿತು. ಕೋಡ್ ಪಿ0171.

‘ಪೆಟ್ರೋಲ್ ಸಾಲ್ತಿಲ್ಲ ಮಚ್ಚಾ’ ಎಂದ ಗೆಳೆಯ. ಸಾಲದಿದ್ದರೆ ದೊಡ್ಡ ಇಂಜೆಕ್ಟರ್! ಅದೂ ಬಂತು. ಜೊತೆಗೆ ಯಾರೋ ಸೆನ್ಸರನ್ನೂ ತೊಳೆದುಕೊಟ್ಟರು. ಇಂಜೆಕ್ಟರ್ ಬದಲಾದ ವಿಷಯ ಇಸಿಯುಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಹಳೆಯ ಲೆಕ್ಕದಂತೆ ಅಷ್ಟೇ ಮಿಲಿಸೆಕೆಂಡು ಬಾಯಿ ತೆರೆಸಿತು, ಸುರಿದದ್ದು ಎಷ್ಟೋ ಹೆಚ್ಚು. ಸೈಲೆನ್ಸರ್ ತುದಿ ಕಾಡಿಗೆಯಾಯಿತು, ಕೋಡ್ ಪಿ0172 ಆಯಿತು. ‘ಏನ್ಲಾ ಇದು, ಕಾರು ಬಂದ್ರೆ ಪೆಟ್ರೋಲ್ ಬಂಕೇ ಬಂದಂಗೆ ವಾಸ್ನೆ ಹೊಡೀತದೆ’ ಎಂದರು ಅಪ್ಪ.

ಆಮೇಲಿನದು ರಾಜನ ಮಾಸ್ಟರ್ ಪ್ಲಾನು. ಸೆನ್ಸರ್ ಕೂರುವ 60 ಮಿಲಿಮೀಟರ್ ಕೊಳವೆ ತೆಗೆದು 70ರದ್ದು ಹಾಕಿಸಿದ. ಬಾಯಿ ಸುಮಾರು ಶೇಕಡಾ 36ರಷ್ಟು ಹಿಗ್ಗಿತು. ಈಗ 100 ಗ್ರಾಂ ಗಾಳಿ ಹೋದರೆ ಸೆನ್ಸರ್ ಹೇಳುವುದು 73. ಅತ್ತ ಇಂಜೆಕ್ಟರ್ ಸುರಿಯುವುದೂ ಅಷ್ಟೇ ಪಾಲು ಹೆಚ್ಚು. ಮೋಸದ ತಕ್ಕಡಿಗೆ ಮೋಸದ ಸೇರು ಸರಿಹೋಯಿತು, ದೀಪ ಆರಿತು. ರಾಜ ಸ್ವೀಟ್ ಹಂಚಿದ. ಪಾಪ, ಇಸಿಯು ಆ 73ನ್ನೇ ನಂಬಿ ‘ಎಂಜಿನ್ ಮೇಲೆ ಭಾರವಿಲ್ಲ’ ಎಂದುಕೊಂಡು ಕಿಡಿಯನ್ನು ಬೇಗ ಹಚ್ಚಿಸುತ್ತಿತ್ತು. ನಂದಿಯ ಏರಿನಲ್ಲಿ ಕಟಕಟ ಶುರು.

ನೆಲಮಂಗಲದ ಮೇಸ್ತ್ರಿ ಲಾರಿ ಪಂಪುಗಳಲ್ಲಿ ಕೈ ಪಳಗಿಸಿಕೊಂಡವರು.

‘ಏನೇನ್ ಹಾಕ್ಸಿದೀಯಪ್ಪ?’

‘ಏನೂ ಇಲ್ಲಣ್ಣ, ಎಲ್ಲಾ ಸ್ಟಾಕೇ.’

ಮೇಸ್ತ್ರಿ ಬಾನೆಟ್ ಎತ್ತಿದರು. ‘ಈ ಕೆಂಪು ಟೋಪಿ?’

‘ಅದೊಂದೇ ಅಣ್ಣ.’

‘ಈ ಪೈಪು?’

‘ಅದೂ ಒಂದೇ.’

ಮೇಸ್ತ್ರಿ ಸ್ಕ್ಯಾನರ್ ಸಿಕ್ಕಿಸಿ ಸುಮ್ಮನೆ ನಿಂತರು. ಅವರು ಮೊದಲು ಓದುವುದು ಕೋಡನ್ನಲ್ಲ, ಟ್ರಿಮ್ಮನ್ನು, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಎಂಬ ಲೆಕ್ಕವನ್ನು. ಐಡಲ್‌ನಲ್ಲಿ ಮಾತ್ರ ಪೆಟ್ರೋಲ್ ಕಮ್ಮಿ, ರೇಸ್ ಕೊಟ್ಟರೆ ಸರಿ ಎಂದಾದರೆ ಎಲ್ಲೋ ಗಾಳಿ ಸೋರುತ್ತಿದೆ. ಭಾರ ಬಿದ್ದಂತೆಲ್ಲ ಕಮ್ಮಿಯಾದರೆ ಸೆನ್ಸರ್ ಇಲ್ಲವೇ ಪೆಟ್ರೋಲ್ ಪಂಪಿನ ಮೇಲೆ ಅನುಮಾನ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚಾದರೆ ಇಂಜೆಕ್ಟರಿನ ಅಳತೆ ಇಸಿಯುಗೆ ಗೊತ್ತಿಲ್ಲ ಎಂದರ್ಥ. ಇಷ್ಟು ತಿಳಿಯಲು ಹೊಸ ಪಾರ್ಟ್ ಒಂದೂ ಬೇಕಿಲ್ಲ. ರಾಜನಿಗೆ ಹಿಡಿಸದ್ದು ಅದೇ. ಒಂದು ಪಾರ್ಟ್ ತಂದ ಕಾಯಿಲೆಗೆ ಇನ್ನೊಂದು ಪಾರ್ಟೇ ಔಷಧ ಎಂಬುದು ಅವನ ವೈದ್ಯಶಾಸ್ತ್ರ.

‘ಅಟ್ಟದಾಗಿರೋ ಕರಿ ಡಬ್ಬಿ, ಹಳೇ ಪೈಪು ತಗಂಬಾ. ಇಂಜೆಕ್ಟರ್ ಇಟ್ಕೊಳ್ಳೋದಾದ್ರೆ ಅದರ ಅಳತೆ, ಬಾಯಿ ತೆರೆಯೋ ಟೈಮು ಎರಡನ್ನೂ ಇಸಿಯುಗೆ ಬರೆಸು’ ಎಂದರು ಮೇಸ್ತ್ರಿ. ರಾಜ ಕೇಳಿದ್ದು ಒಂದೇ: ‘ಡಬ್ಬಿ ಹಾಕಿದ್ರೆ ಸೊಂಯ್ ಅನ್ನಲ್ವಲ್ಲ ಅಣ್ಣ?’

ಇದೆಲ್ಲ ಬರಿಯ ಚಟದ ಮಾತಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಇದೆ. ಅಪ್ಪ ಬಾನೆಟ್ ಒಳಗಿನ ಮಾರ್ಪಾಡುಗಳನ್ನು ಬೆರಳು ಮಡಚಿ ಎಣಿಸಿದರು. ಎಣಿಸಿ ಮುಗಿದ ಮೇಲೆ ‘ಮಾರ್ಬುಡು’ ಎಂದರು.

ಹೀಗಾಗಿ ಆ ಆಕ್ಟೇವಿಯಾ ಈಗ ಮಾರಾಟಕ್ಕಿದೆ, ‘ಪೂರ್ತಿ ಸ್ಟಾಕು’ ಎಂಬ ಬೋರ್ಡಿನೊಂದಿಗೆ. ನೋಡಲು ಹೋಗುವವರು ಸ್ಕ್ಯಾನರ್ ಒಯ್ಯಿರಿ. ಕೋಡ್ ಅಳಿಸಿದ ಕೂಡಲೇ ಟ್ರಿಮ್ ಕೂಡ ಸೊನ್ನೆಗೆ ಬಂದು ಸಾಧುವಿನಂತೆ ಕೂತಿರುತ್ತದೆ. ಒಂದರ್ಧ ಗಂಟೆ ಓಡಿಸಿದ ಮೇಲೆಯೇ ಓದಿ. ಅಟ್ಟದ ಕರಿ ಡಬ್ಬಿಯನ್ನು ಮಾತ್ರ ಕೇಳಿ ಇಸಿದುಕೊಳ್ಳಿ.