ಕಬ್ಬಿನೂರಿನ ಬಿಳಿ ಕಾರು

ಬಾರಾಮತಿಯಲ್ಲಿ ಬಿಳಿ ಕಾರು ಕೊಳ್ಳುವವನನ್ನು ಯಾರಾದರೂ ಕೂಡಿಸಿಕೊಂಡು ಮೊದಲು ನೀರಾ ಎಡದಂಡೆ ಕಾಲುವೆಯ ಕಥೆ ಹೇಳಬೇಕು. ಬ್ರಿಟಿಷರು 1880ರ ದಶಕದಲ್ಲಿ ಆ ಕಾಲುವೆ ತೋಡಿಸಿದರು. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ ಬಂತು, ಕಬ್ಬಿನ ಬೇರಿಗೆ ಗೊಣ್ಣೆಹುಳು ಬಂತು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅದು ದುಂಬಿಯಾಗಿ ನೆಲ ಒಡೆದು ಎದ್ದು ಬೇವಿನ ಮರ, ಜಾಲಿ ಮರ ಹುಡುಕಿಕೊಂಡು ಹಾರುತ್ತದೆ. ಮರಕ್ಕಿಂತ ಮೊದಲು ನನ್ನ ಕಾರಿನ ದೀಪ ಸಿಗುತ್ತದೆ.

ನಾವು ಮಳೆಗೆ ಸರಿಯಾಗಿ ದಾರಿಯಲ್ಲಿರುವುದಕ್ಕೂ ಕಾರಣವಿದೆ. ಮಹಾರಾಷ್ಟ್ರದ ಶಾಲೆಗಳು ತೆರೆಯುವುದು ಜೂನ್ ನಡುವಿಗೆ. ವಿಜಯಪುರದಲ್ಲಿ ರಜೆ ಮುಗಿಸಿ ಹೊರಡುವ ಹೊತ್ತಿಗೆ ಮೋಡ ಕಟ್ಟಿರುತ್ತದೆ. ಬೆಳಗಿನ ಆರಕ್ಕೆ ಹೊರಡಬೇಕೆಂಬುದು ಹಿಂದಿನ ರಾತ್ರಿ ಎಲ್ಲರೂ ಸೇರಿ ಮಾಡಿದ ತೀರ್ಮಾನ. ಆರಕ್ಕೆ ಶೇಂಗಾ ಹುರಿಯಲು ಶುರು. ಶೇಂಗಾ ಚಟ್ನಿ ಡಬ್ಬಿ ತುಂಬಿ, ಖಡಕ್ ರೊಟ್ಟಿ ಕಟ್ಟಿ, ಅಷ್ಟರಲ್ಲಿ ಬಂದ ಚಿಕ್ಕಮ್ಮನಿಗೆ ಚಹಾ ಕೊಟ್ಟು, ಆಕೆ ಉಣ್ಣದೆ ಹೋಗಬೇಡಿರೆಂದು ಆಣೆ ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ಹೊರಳುತ್ತದೆ. ಸೊಲ್ಲಾಪುರಕ್ಕೆ ಸಂಜೆ ಚಹಾ. ಉಜನಿ ಹಿನ್ನೀರಿನ ಬಳಿ ಹೊತ್ತು ಮುಳುಗಿ ಸಣ್ಣ ಮೆತ್ತನೆಯ ನೊಣಗಳ ಮೋಡ. ಇಂದಾಪುರ ದಾಟಿದರೆ ಎರಡೂ ಬದಿ ಕಬ್ಬು, ಎದುರಿಗೆ ದುಂಬಿ. ಗಟ್ಟಿ ರೆಕ್ಕೆಯ ದುಂಬಿಯಾದರೂ ಮರ್ಯಾದೆಯಿಂದ ಟಪ್ಪೆಂದು ಬಡಿದು ಬಹಳಷ್ಟು ಸಲ ಹಾರಿಹೋಗುತ್ತದೆ. ಮೆತ್ತನೆಯವು ಬಡಿದಲ್ಲೇ ಬಿಡಾರ ಹೂಡುತ್ತವೆ.

ಶನಿವಾರ ರಾತ್ರಿ ಮನೆ ಮುಟ್ಟಿದೆವು. ರವಿವಾರ ಬೆಳಗ್ಗೆ ಬಕೆಟ್ ಹಿಡಿದು ಹೊರಬಂದರೆ ಅವ್ವ ಬಾನೆಟ್ಟಿನ ಮುಂದೆ ನಿಂತಿದ್ದಳು.

“ಏನೋ ಇದು, ಗಾಡಿಗೆ ಅಮ್ಮ ಎದ್ದಾಳೇನು?”

“ಹುಳ ಅವ್ವ. ತೊಳಿತೀನಿ.”

“ಇವತ್ತ ಐತವಾರ. ಮೈಲಾರಲಿಂಗನ ವಾರ. ಭಂಡಾರ ತೊಳಿತೀಯೇನು?”

ಹೊರಡುವಾಗ ಬಾನೆಟ್ಟಿಗೆ ಭಂಡಾರ, ಅಂದರೆ ದೇವರ ಅರಿಸಿನ, ಹಚ್ಚಿದವಳು ಅವಳೇ. ಜೇಜುರಿಯ ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗನೇ ಆದ್ದರಿಂದ, ಊರು ಬಿಟ್ಟು ಬಂದರೂ ಮನೆದೇವರ ವ್ಯಾಪ್ತಿ ಬಿಟ್ಟು ಬಂದಂತಾಗಲಿಲ್ಲ. ಹಾಗಾಗಿ ಭಂಡಾರವೂ ಉಳಿಯಿತು, ಹುಳುಗಳೂ ಇಡೀ ದಿನ ಬಿಸಿಲಲ್ಲಿ ಒಣಗಿದವು. ಹುಳುವಿನ ಮೈರಸದಲ್ಲಿರುವ ಪ್ರೋಟೀನು ಒಣಗಿದರೆ ಅಂಟಾಗುತ್ತದೆ. ಸ್ವಲ್ಪ ಹುಳಿಯೂ ಇರುವುದರಿಂದ ಕಾದ ತಗಡಿನ ಮೇಲೆ ಬಣ್ಣದ ಹೊರಪದರವನ್ನು ಮೆಲ್ಲಗೆ ತಿನ್ನುತ್ತದೆ. ‘ಕ್ಲಿಯರ್ ಕೋಟ್’ ಎನ್ನುವ ಆ ಪದರದ ದಪ್ಪವೋ, ಸುಮಾರು 40–50 ಮೈಕ್ರಾನು. ತಲೆಕೂದಲಿಗಿಂತ ತೆಳುವಾದ ಈ ಆಸ್ತಿಯನ್ನು ಕಾಯುವ ಹೊಣೆ ಸೋಮವಾರ ಇಡೀ ಮನೆತನದ ಮೇಲೆ ಬಿತ್ತು.

ಅಷ್ಟಾದಶ ಪುರಾಣವೇನು ಬಂತು, ಇದೇ ಬಾರಾಮತಿಯಲ್ಲಿ ಬಾಳಿದ ಮರಾಠಿ ಪಂತಕವಿ ಮೋರೋಪಂತ 108 ರಾಮಾಯಣ ಬರೆದವನೆಂದು ಹೆಸರಾದವನು. ಒಂದೇ ಕಥೆಯನ್ನು ಅಷ್ಟು ಬಗೆಯಲ್ಲಿ ಹೇಳಲು ಈ ಊರಿನ ನೀರೇ ಕಾರಣವಿರಬೇಕು. ನಮ್ಮಂಥ ವಲಸಿಗರಿಗೂ ಅದು ತಟ್ಟಿದೆ: ಹುಳು ತೆಗೆಯುವುದಕ್ಕೆ ತಲೆಗೊಂದು ಮತ.

ಮಾವನವರ ಮತ ಲಿಂಬೆಹಣ್ಣು. ಇಂಡಿ ತಾಲೂಕಿನ ಲಿಂಬೆ ಬೆಳೆಗಾರರು; ನೆಗಡಿಯಿಂದ ಹಿಡಿದು ನೆಂಟರ ದೃಷ್ಟಿಯವರೆಗೆ ಅವರಿಗೆ ಲಿಂಬೆಯೇ ಔಷಧ. “ಅರ್ಧಾ ಹೋಳ ಮಾಡಿ ತಿಕ್ಕ್ರಿ ಅಳಿಯಂದ್ರ, ತಾಮ್ರದ ಕೊಡಾ ಹೊಳಿಯೂದಿಲ್ಲೇನು?” ಹುಳಿಯ ಮೇಲೆ ಹುಳಿ ಸುರಿದರೆ ಬಣ್ಣದ ಗತಿ ಏನು ಎಂದು ಮಾವನವರನ್ನು ಕೇಳುವ ಎದೆಗಾರಿಕೆ ನನ್ನಲ್ಲಿಲ್ಲ. ಎರಡು ಹಣ್ಣು ಪಾನಕಕ್ಕೆ ಹೋದವೆಂದು ಹೆಂಡತಿ ಸಂಭಾಳಿಸಿದಳು. ಅವ್ವನ ಮತ ಭಾಂಡೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್. ಮಗಳ ಮತ ಬಟ್ಟೆ ಸೋಪಿನ ಪುಡಿ. ಅವಳು ಮತ ಹೇಳಲಿಲ್ಲ, ನೇರ ಸುರಿದೇಬಿಟ್ಟಳು.

ಅರಿಸಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ನಮ್ಮ ಆರತಿಯ ಓಕುಳಿಯೇ ಈ ರಸಾಯನಶಾಸ್ತ್ರದ ಮೇಲೆ ನಿಂತಿದೆ. ಬಾನೆಟ್ಟಿನ ಭಂಡಾರ ಕಣ್ಣೆದುರೇ ಕೆಂಪಗಾಗಿ ಹುಳುಗಳ ನಡುವಿನಿಂದ ಇಳಿಯತೊಡಗಿತು. ಅವ್ವ ಕೈಮುಗಿದು “ಏಳುಕೋಟಿ, ಏಳುಕೋಟಿ!” ಎಂದು ಕೂಗಿದಳು. ಪಕ್ಕದ ಮನೆಯ ಕಾಕು ಏನಾಯಿತೆಂದು ನೋಡದೆಯೇ, ತುಳಸಿಗೆ ನೀರು ಹಾಕುತ್ತಿದ್ದಲ್ಲಿಂದ “ಯೆಳಕೋಟ, ಯೆಳಕೋಟ, ಜಯ ಮಲ್ಹಾರ!” ಎಂದು ಪೂರ್ತಿ ಮಾಡಿದಳು. ಗಡಿ ವಿವಾದ ಬಗೆಹರಿಸಲು ಆಯೋಗಗಳ ಬದಲು ಸೋಪಿನ ಪುಡಿ ಕಳಿಸಬಹುದಿತ್ತು.

ಹುಳು ಮಾತ್ರ ಹಂದಲಿಲ್ಲ. ಕೀಟದ ಕವಚ ಕೈಟಿನ್ ಎಂಬ ಪದಾರ್ಥದ್ದು, ಮನೆಯ ಯಾವ ಸೋಪಿಗೂ ಕರಗುವುದಿಲ್ಲ. ಕರಗಬೇಕಾದ್ದು ಕೆಳಗಿನ ಅಂಟು. ಅದಕ್ಕೆ ಬೇಕಾದ್ದು ನೀರು ಮತ್ತು ಸುಮ್ಮನಿರುವ ಗುಣ. ಮೊದಲನೆಯದಕ್ಕೆ ಕಾಲುವೆ ಇದೆ, ಎರಡನೆಯದು ನಮ್ಮ ಎರಡೂ ಮನೆತನಗಳಲ್ಲಿಲ್ಲ. ಇದೇನು ಹಗುರ ವಿದ್ಯೆಯಲ್ಲ ಎಂದು ಮಾವನವರಿಗೆ ಹೇಳಿದೆ. ಕಾರಿಗೆ ಮೆತ್ತಿದ ಹುಳುವಿನ ಗುರುತು ಹಿಡಿಯುವ ಪುಸ್ತಕ ಬರೆದ ಅಮೆರಿಕದ ಮಾರ್ಕ್ ಹಾಸ್ಟೆಟ್ಲರ್‌ಗೆ 1997ರಲ್ಲಿ ಇಗ್ ನೊಬೆಲ್ ಬಂದಿದೆ. 2015ರಲ್ಲಿ ನಾಸಾದವರು ಬೋಯಿಂಗ್ 757 ವಿಮಾನದ ರೆಕ್ಕೆಗೆ ಹುಳು ಅಂಟದ ಲೇಪ ಬಳಿದು ಹಾರಿಸಿ ನೋಡಿದ್ದಾರೆ; ಅತ್ಯುತ್ತಮ ಲೇಪಕ್ಕೂ ಅಂಟಿದ ಹುಳು ಕಡಿಮೆಯಾದದ್ದು ಸುಮಾರು ನೂರಕ್ಕೆ 40.

“ಅವರು ಲಿಂಬಿಹಣ್ಣ ಹಚ್ಚಿ ನೋಡ್ಯಾರೇನು?” ಎಂದರು ಮಾವನವರು.

ಕೊನೆಗೆ ಹೆಂಡತಿ ದಾರಿ ತೋರಿಸಿದಳು: ಪೇಪರು ನೆನೆಸಿ ಬಾನೆಟ್ಟಿಗೆ ಹಾಸಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಡಿ. ಕೈಗೆ ಸಿಕ್ಕದ್ದು ರೊಟ್ಟಿ ಕಟ್ಟಿ ತಂದಿದ್ದ ಕನ್ನಡ ಪೇಪರು. ಅವ್ವ ಕಸಿದುಕೊಂಡಳು. ಬಾರಾಮತಿಯಲ್ಲಿ ಅವಳು ಅದನ್ನು ನಿಧನ ವಾರ್ತೆ, ಟೆಂಡರ್ ಪ್ರಕಟಣೆ ಸಮೇತ ವಾರಗಟ್ಟಲೆ ಓದುತ್ತಾಳೆ. “ಕನ್ನಡ ಅಕ್ಷರಾ ಹುಳದ ಮ್ಯಾಲ ಹಾಸ್ತೀಯಾ?” ಸರಿ, ಮರಾಠಿ ಪೇಪರು ತಂದರೆ ಹೆಂಡತಿ ಗಾಬರಿಯಾದಳು. ನೆರೆಹೊರೆಯವರ ಕಣ್ಣೆದುರು ಅವರ ಅಕ್ಷರವನ್ನು ಹಾಸಿದರೆ ನಾಳೆ ಕೊತ್ತಂಬರಿ ಯಾರು ಕೊಡುತ್ತಾರೆ? ಮಗಳ ಹಳೆಯ ಇಂಗ್ಲಿಷ್ ಪುರವಣಿ ನೆನೆಸಿ ಹಾಸಿದೆವು. ಅದಕ್ಕೆ ಅಳುವವರು ಯಾರೂ ಇರಲಿಲ್ಲ.

ಚಹಾ ಆಯಿತು. ಪೇಪರು ಎತ್ತಿ ಕಾರ್ ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಆಡಿಸಿದರೆ ಹುಳುಗಳು ತಕರಾರಿಲ್ಲದೆ ಬಂದವು. ಅಷ್ಟರಲ್ಲಿ ಕಬ್ಬು ಬೆಳೆಯುವ ಪಕ್ಕದ ಮನೆಯ ಕಾಕಾ ಬಂದು, ಬಂಪರ್ ಸಂದಿಯಲ್ಲಿ ಉಳಿದಿದ್ದ ದುಂಬಿಯೊಂದನ್ನು ಹೆಕ್ಕಿ ಅಂಗೈಯಲ್ಲಿ ಹೊರಳಿಸಿ ನೋಡಿದರು. “ಅಹೋ, ಹೀ ತರ ಹುಮಣೀ!” ನಮ್ಮ ಗೊಣ್ಣೆಹುಳುವೇ ಅವರ ಹುಮಣೀ. ಅವರ ಮುಖದಲ್ಲಿ ಅಂಥ ಗೌರವವನ್ನು ನನ್ನ ಬಗ್ಗೆ ನಾನೆಂದೂ ಕಂಡಿರಲಿಲ್ಲ. ಈ ದುಂಬಿ ಹಿಡಿಯಲು ಹೊಲದಲ್ಲಿ ಬಲ್ಬು ತೂಗಿಸಿ, ಕೆಳಗೆ ಚಿಮಣಿ ಎಣ್ಣೆ ಬೆರೆಸಿದ ನೀರಿನ ಬುಟ್ಟಿ ಇಟ್ಟು ರೈತರು ರಾತ್ರಿಯೆಲ್ಲ ಕಾಯುತ್ತಾರೆ. ನಾನು ಪೆಟ್ರೋಲು ಸುಟ್ಟು ಇಂದಾಪುರದಿಂದ ಇಲ್ಲಿಯವರೆಗೆ ಆ ಸೇವೆಯನ್ನು ಪುಕ್ಕಟೆ ಮಾಡಿಕೊಂಡು ಬಂದಿದ್ದೆ.

ಬಾನೆಟ್ಟು ಹೊಳೆಯಿತು. ಅವ್ವ ಅದರಲ್ಲಿ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು. ನಾಡಿದ್ದು ಸಂಕಷ್ಟಿ, ಮೋರಗಾಂವದ ಗಣಪತಿಗೆ ಹೋಗಿ ಚಂದ್ರನನ್ನು ನೋಡಿಯೇ ಉಣ್ಣುವುದು ಎಂದು ಘೋಷಿಸಿದಳು. ಚಂದ್ರ ಬರುವುದು ರಾತ್ರಿಗೆ. ಕಾಂಪೌಂಡಿನ ಆಚೆಯಿಂದ ಕಾಕಾ ಕೇಳಿಸಿಕೊಂಡರು. ಹೋಗುವಾಗ ತಮ್ಮ ಹೊಲದ ಬದಿಯ ರಸ್ತೆ ಹಿಡಿಯಬೇಕು, ದೊಡ್ಡ ಲೈಟು ಹಾಕಿಕೊಂಡು ಸಾವಕಾಶ ಹೋಗಬೇಕು, ಸಾಧ್ಯವಾದರೆ ಒಂದೆರಡು ಸುತ್ತು ಹೆಚ್ಚು ಹಾಕಬೇಕು ಎಂದು ಕೇಳಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಒಪ್ಪಿಗೆ ಕೊಟ್ಟು, ಇಂಡಿಯಿಂದ ಇನ್ನೊಂದು ಚೀಲ ಲಿಂಬೆ ತರಿಸಲು ಫೋನು ಹಚ್ಚಿದರು.